ಹೊಳೆ ಏರುವ ಮೊದಲೇ ನಿಮ್ಮೂರನ್ನು ಮ್ಯಾಪಿಗೆ ಹಾಕಿ

ಕಬಿನಿಯಿಂದ ಜಾಸ್ತಿ ನೀರು ಬಿಟ್ಟರೆ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತದೆ, ಮೈಸೂರು ರಸ್ತೆಯಲ್ಲಿ ಮಲ್ಲನಮೂಲೆ ಮಠದ ಹತ್ತಿರ ನೀರು ನುಗ್ಗುತ್ತದೆ. ಇದು ನಮಗೆ ಗೊತ್ತು. ದೋಣಿ ತರುವ ಹೊರಗಿನವರಿಗೆ ಗೊತ್ತಿರುವುದಿಲ್ಲ. ಅವರ ಫೋನಿನಲ್ಲಿ ನಿಮ್ಮೂರು ಅಂದರೆ ಒಂದು ಹೆಸರು, ಒಂದು ಗೆರೆ ಅಷ್ಟೇ ಇದ್ದರೆ ಅವರು ಯಾವ ಬೀದಿಗೆ ಮೊದಲು ಹೋಗಬೇಕು ಹೇಳಿ?

ಇದಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಇಂಟರ್ನೆಟ್ಟಿನಲ್ಲಿ ಒಂದು ಮ್ಯಾಪ್ ಇದೆ. ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು, ದುಡ್ಡು ಬೇಡ. 2010ರಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ಎಲ್ಲೆಲ್ಲೋ ಕೂತ ಜನ ಉಪಗ್ರಹದ ಚಿತ್ರ ನೋಡಿ ಬೀದಿಗಳನ್ನು ಬಿಡಿಸಿದರು, ರಕ್ಷಣೆಗೆ ಹೋದ ತಂಡಗಳು ಅದನ್ನೇ ಬಳಸಿದವು. ನೇಪಾಳದವರು ಇನ್ನೂ ಮುಂದೆ ಯೋಚಿಸಿದ್ದರು. 2015ರ ಭೂಕಂಪಕ್ಕೆ ಮೊದಲೇ ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಅನ್ನುವ ಸಂಸ್ಥೆಯವರು ಅಲ್ಲಿನ ಶಾಲೆ, ಆಸ್ಪತ್ರೆಗಳನ್ನು ಗುರುತು ಮಾಡಿಟ್ಟಿದ್ದರು. ನಾವು ಕಲಿಯಬೇಕಾದ್ದು ಇದನ್ನೇ.

ಮೊದಲು ಕಂಪ್ಯೂಟರ್ ಮುಂದೆ ಕೂರಿ. ಓಪನ್‌ಸ್ಟ್ರೀಟ್‌ಮ್ಯಾಪ್ ವೆಬ್‌ಸೈಟಿನಲ್ಲಿ ಖಾತೆ ತೆರೆದು ಎಡಿಟ್ ಒತ್ತಿದರೆ ಮೇಲಿಂದ ತೆಗೆದ ಚಿತ್ರ ಕಾಣುತ್ತದೆ. ಮನೆಯ ಸುತ್ತ ಗೆರೆ ಎಳೆದು ಕ್ಯೂ ಕೀ ಒತ್ತಿ, ಮೂಲೆಗಳು ನೆಟ್ಟಗಾಗುತ್ತವೆ. ಗೂಗಲ್ ಮ್ಯಾಪ್ ನೋಡಿಕೊಂಡು ಮಾತ್ರ ನಕಲು ಮಾಡಬೇಡಿ, ಅದಕ್ಕೆ ಅನುಮತಿ ಇಲ್ಲ.

ನಿಜವಾದ ಕೆಲಸ ಊರೊಳಗೆ. ಮೇಲಿಂದ ನೋಡಿದರೆ ಆಲೆಮನೆಯೂ ಮನೆಯೇ, ದನದ ಕೊಟ್ಟಿಗೆಯೂ ಮನೆಯೇ ಅಲ್ವಾ? ಯಾವುದರಲ್ಲಿ ಜನ ಮಲಗುತ್ತಾರೆ ಅಂತ ನಡೆದು ನೋಡಿದವರಿಗೇ ಗೊತ್ತು. ಮ್ಯಾಪನ್ನು ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ, ಅರಳಿಕಟ್ಟೆಯ ಮೇಲೆ ಹರಡಿ, ವಯಸ್ಸಾದವರನ್ನೂ ನೀರುಗಂಟಿಯನ್ನೂ ಕೂರಿಸಿಕೊಂಡು ಕೇಳಿ: ನೀರು ಮೊದಲು ಎಲ್ಲಿಂದ ಬರುತ್ತದೆ, ಯಾವ ಸೇತುವೆ ಮುಳುಗುತ್ತದೆ, ನಾಲೆ ಏರಿಯ ಮೇಲೆ ಟ್ರ್ಯಾಕ್ಟರ್ ಹೋಗುತ್ತದಾ, ಹಿಂದಿನ ಸಲ ಜನ ಎಲ್ಲಿ ಉಳಿದುಕೊಂಡಿದ್ದರು. ಹೆಂಗಸರನ್ನು ಬೇರೆಯಾಗಿಯೂ ಕೇಳಿ. ಯಾವ ಬೋರ್‌ವೆಲ್ ನೀರು ಕುಡಿಯಲು ಆಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಊರಿನ, ಬೀದಿಯ ಹೆಸರನ್ನು ಜನ ಕರೆಯುವ ಹಾಗೆ ಕನ್ನಡದಲ್ಲೇ ಹಾಕಿ. ದಾರಿ ಕೇಳುವಾಗ ಬಾಯಿಗೆ ಬರುವುದು ಅದೇ ಹೆಸರು. ಆಂಡ್ರಾಯ್ಡ್ ಫೋನ್ ಇರುವ ಹುಡುಗರಿಗೆ ಸ್ಟ್ರೀಟ್‌ಕಂಪ್ಲೀಟ್ ಅನ್ನುವ ಆ್ಯಪ್ ಹಾಕಿಕೊಡಿ. ಈ ರಸ್ತೆ ಡಾಂಬರಿನದಾ ಮಣ್ಣಿನದಾ ಅಂತ ಅದೇ ಒಂದೊಂದಾಗಿ ಕೇಳುತ್ತದೆ, ಉತ್ತರ ಒತ್ತಿದರೆ ಸಾಕು.

ಪ್ರತಿ ಸಲ ಮುಳುಗುವ ರಸ್ತೆಗೆ ಹಾಗೆಂದು ಗುರುತು ಹಾಕಬಹುದು. ಆದರೆ ಇವತ್ತು ನೀರು ನಿಂತಿದೆ ಅಂತ ರಸ್ತೆಯನ್ನೇ ಅಳಿಸಬೇಡಿ. ನೀರು ಇಳಿದ ಮೇಲೆ ರಸ್ತೆ ಅಲ್ಲೇ ಇರುತ್ತದೆ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಎಲ್ಲಿ ಬಸುರಿ ಇದ್ದಾರೆ ಅನ್ನುವುದು ದೋಣಿಯವರಿಗೆ ಬೇಕೇ ಬೇಕು. ಆದರೆ ಅದು ಲೋಕವೆಲ್ಲ ನೋಡುವ ಮ್ಯಾಪಿನಲ್ಲಿ ಇರಬಾರದು. ಅದನ್ನು ಬೇರೆ ಪುಸ್ತಕದಲ್ಲಿ ಬರೆದು ಆಶಾ ಕಾರ್ಯಕರ್ತೆಯ ಹತ್ತಿರ ಇಡಿ.

ಪ್ರವಾಹದಲ್ಲಿ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ. ನೆಟ್‌ವರ್ಕ್ ಇಲ್ಲದೆಯೂ ಇದೇ ಮ್ಯಾಪ್ ತೋರಿಸುವ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್‌ಆಂಡ್ ಆ್ಯಪ್‌ನಲ್ಲಿ ನಮ್ಮ ಭಾಗವನ್ನು ಮೊದಲೇ ಇಳಿಸಿಕೊಳ್ಳಿ, ಪಂಚಾಯಿತಿಯವರ ಫೋನಿಗೂ ಹಾಕಿಸಿ. ನೀವು ತಿದ್ದಿದ್ದು ಈ ಆ್ಯಪ್‌ಗಳಿಗೆ ಕೂಡಲೇ ಬರುವುದಿಲ್ಲ. ಹಾಗಾಗಿ ಮುಂಗಾರು ಶುರುವಾಗುವ ಹೊತ್ತಿಗೆ ಇನ್ನೊಂದು ಸಲ ಅಪ್‌ಡೇಟ್ ಮಾಡಿ, ನಿಮ್ಮ ಬೀದಿ ಬಂದಿದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ.