ಪ್ಲಾಸ್ಟರ್ ಬಿಚ್ಚಿದ ಮೇಲೆ ಮೂಳೆಗೆ ಬೇಕಾದದ್ದು

ನಾನು ತುಮಕೂರಿನಲ್ಲಿ ಫಿಸಿಯೋಥೆರಪಿಸ್ಟ್. ಬಚ್ಚಲಲ್ಲಿ ಜಾರಿಯೋ ಹೊಸಿಲು ಎಡವಿಯೋ ಬಿದ್ದು ಮುಂಗೈ ಮುರಿದುಕೊಂಡು, ಪ್ಲಾಸ್ಟರ್ ಬಿಚ್ಚಿಸಿದ ಮೇಲೆ ನನ್ನ ಹತ್ತಿರ ಬರುವವರಲ್ಲಿ ಐವತ್ತು ದಾಟಿದ ಹೆಂಗಸರೇ ಹೆಚ್ಚು. ಮತ್ತೆ ಮುದ್ದೆ ಕಟ್ಟುವಷ್ಟು ಕೈ ಆಡಿದರೆ ಸಾಕು ಅನ್ನುತ್ತಾರೆ. ನನಗೆ ಬೇರೆಯದೇ ಚಿಂತೆ. ನಿಂತಲ್ಲೇ ಬಿದ್ದಷ್ಟಕ್ಕೆ ಮೂಳೆ ಮುರಿದಿದ್ದರೆ, ಒಳಗೆ ಮೂಳೆಯೇ ಸವೆದಿರಬಹುದು. ಮುಂದಿನ ಸಲ ಬಿದ್ದಾಗ ಸೊಂಟ ಮುರಿಯದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಾಕ್ಟರನ್ನು ಕೇಳಿ, ಮೂಳೆ ಎಷ್ಟು ಸಾಂದ್ರವಾಗಿದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಬರುವ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಇನ್ನೂ ಕೆಳಗಿದ್ದರೆ ಅದು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ. ಆಗ ಊಟ, ವ್ಯಾಯಾಮ ಎರಡೇ ಸಾಲದೆ ಔಷಧಿಯೂ ಬೇಕಾಗಬಹುದು. ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಇಟ್ಟು ಕೊಡುವ ಚೀಟಿ ಬರೀ ಸುಳಿವು, ಅದನ್ನೇ ನಂಬಿ ಕೂರಬೇಡಿ. ಪಾವಗಡದ ಕಡೆ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಕುಡಿದವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಅಂಥವರ ಮೂಳೆ ಸ್ಕ್ಯಾನಿನಲ್ಲಿ ಗಟ್ಟಿಯಾಗಿ ಕಂಡರೂ ಸುಲಭವಾಗಿ ಮುರಿಯುವಂತೆ ಪೆಡಸಾಗಿರಬಹುದು. ಮುಟ್ಟು ನಿಂತ ಮೊದಲ ಕೆಲವು ವರ್ಷ ಮೂಳೆ ವೇಗವಾಗಿ ಸವೆಯುತ್ತದೆ. ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡವರಿಗೆ ಈ ಸವೆತ ಅಂದಿನಿಂದಲೇ ಶುರು, ವಯಸ್ಸು ಮೂವತ್ತೈದೇ ಇರಲಿ.

ಊಟದ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲೇ ಸುಮಾರು 350 ಇದೆ. ಒಂದು ಲೋಟ ಹಾಲು ಅಥವಾ ಮೊಸರಿನಲ್ಲಿ 240ರಷ್ಟು. ಇದರ ಮೇಲೆ ನುಗ್ಗೆಸೊಪ್ಪಿನ ಪಲ್ಯ, ಸಿಪ್ಪೆ ತೆಗೆಯದ ಎಳ್ಳಿನ ಚಟ್ನಿಪುಡಿ. ರಾಗಿಯನ್ನು ಮೊಳಕೆ ಕಟ್ಟಿಸಿ ಹಿಟ್ಟು ಮಾಡಿಸಿದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಪಾಲಕ್ ತಿನ್ನಿ, ಆದರೆ ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಹೆಚ್ಚಿನ ಕ್ಯಾಲ್ಸಿಯಂ ಅನ್ನು ಮೈಗೆ ಬಿಟ್ಟುಕೊಡುವುದಿಲ್ಲ. ಪ್ರೋಟೀನ್ ಮರೆಯುವವರೇ ಜಾಸ್ತಿ. ಎಲ್ಲರಿಗೂ ಬಡಿಸಿ ಕೊನೆಗೆ ತಳದ ತಿಳಿ ಸಾರು ಸುರಿದುಕೊಂಡು ಉಣ್ಣುವ ಅಮ್ಮಂದಿರೇ, ಹುರುಳಿಕಾಳು, ಮೊಟ್ಟೆ ನಿಮ್ಮ ತಟ್ಟೆಗೂ ಬೀಳಲಿ. ಸುಣ್ಣ ತಿಂದರೆ ಮೂಳೆಗೆ ಒಳ್ಳೆಯದು ಎಂದು ಎಲೆ ಅಡಿಕೆ, ಹೊಗೆಸೊಪ್ಪು ಹಾಕಿಕೊಳ್ಳುವವರು ದಯವಿಟ್ಟು ಬಿಡಿ, ಅದು ಬಾಯಿ ಕ್ಯಾನ್ಸರಿನ ದಾರಿ.

ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ವಿಟಮಿನ್ ಡಿಗೆ ಬೆಳಗಿನ ಆರೂವರೆಯ ಎಳೆಬಿಸಿಲು ಸಾಲದು. ಹನ್ನೊಂದರ ಮೇಲೆ ಕೈಕಾಲಿಗೆ ನೇರವಾಗಿ ಬಿದ್ದ ಬಿಸಿಲಿನಿಂದ ಅದು ಹುಟ್ಟುತ್ತದೆ. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ. ವಾರಕ್ಕೊಂದರಂತೆ ಬರೆದುಕೊಡುವ 60,000 ಯೂನಿಟ್ಟಿನ ಡಿ ಪುಡಿಯನ್ನು ಹೇಳಿದ ವಾರಗಳು ಮುಗಿದ ಮೇಲೆ ನೀವೇ ಮುಂದುವರಿಸಬೇಡಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ.

ಇನ್ನು ವ್ಯಾಯಾಮ. "ದಿನವಿಡೀ ಕೆಲಸ ಮಾಡ್ತೀನಿ ಕಣಮ್ಮ, ಇನ್ನೆಂಥ ವ್ಯಾಯಾಮ?" ಅಂತ ಎಲ್ಲರೂ ಕೇಳುತ್ತಾರೆ. ದಣಿವು ಬೇರೆ, ಭಾರ ಬೇರೆ. ಮೂಳೆ ತನ್ನ ಮೇಲೆ ಭಾರ ಬಿದ್ದರೆ ಮಾತ್ರ ಗಟ್ಟಿಯಾಗುತ್ತದೆ, ಅದೂ ರೂಢಿಯಾದದ್ದಕ್ಕಿಂತ ಸ್ವಲ್ಪ ಹೆಚ್ಚಿನ ಭಾರ. ಪಾತ್ರೆ ತೊಳೆದರೆ ಸುಸ್ತಾಗುತ್ತದೆ, ಸೊಂಟದ ಮೂಳೆಗೆ ಏನೂ ಮುಟ್ಟುವುದಿಲ್ಲ.

ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿಡಿ. ಕೈ ಊರದೆ ಎದ್ದು ನಿಲ್ಲಿ, ನಿಧಾನವಾಗಿ ಕೂತುಕೊಳ್ಳಿ. ಹತ್ತು ಸಲ. ಆಗದಿದ್ದರೆ ದಿಂಬು ಹಾಕಿ ಆಸನ ಎತ್ತರಿಸಿ. ಹತ್ತು ಸಲೀಸಾದ ಮೇಲೆ ಒಂದು ಲೀಟರ್ ನೀರಿನ ಬಾಟಲಿ ಎದೆಗವುಚಿಕೊಂಡು ಅದನ್ನೇ ಮಾಡಿ. ಆಮೇಲೆ ಅಡುಗೆ ಕಟ್ಟೆ ಹಿಡಿದು ತುದಿಗಾಲಲ್ಲಿ ಏಳಿ, ಇಳಿಯಿರಿ, ಅದೂ ಹತ್ತು. ಅಲ್ಲೇ ಒಂದು ಕಾಲಲ್ಲಿ ಹತ್ತು ಸೆಕೆಂಡ್ ನಿಂತು ಕಾಲು ಬದಲಿಸಿ. ಬೀಳದಂತೆ ಕಾಯುವುದು ಇದೇ, ಆದ್ದರಿಂದ ದಿನಾ ಮಾಡಿ. ಬಾಟಲಿ ಹಿಡಿದು ಮಾಡುವುದು ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಮೈಗೆ ಬಿಡುವು ಬೇಕು. ಬೆನ್ನಿಗಾಗಿ ಗೋಡೆಗೆ ಒರಗಿ ನಿಂತು ಹೆಗಲ ಹಿಂದಿನ ರೆಕ್ಕೆಯಂಥ ಎರಡೂ ಮೂಳೆಗಳನ್ನು ಹತ್ತಿರಕ್ಕೆ ಎಳೆದು ಹಿಡಿಯಿರಿ. ವಾಕಿಂಗ್ ಒಳ್ಳೆಯದೇ, ಆದರೆ ಅಮಾನಿಕೆರೆ ದಡದಲ್ಲಿ ಮಾತಾಡುತ್ತಾ ಮೆಲ್ಲಗೆ ಒಂದು ಸುತ್ತು ಹಾಕಿದರೆ ಸಾಲದು. ಉಸಿರು ಸ್ವಲ್ಪ ಏರುವಷ್ಟು ಬಿರುಸಾಗಿ ನಡೆಯಿರಿ, ಮೆಟ್ಟಿಲು ಸಿಕ್ಕಿದರೆ ಹತ್ತಿ.

ಬೆನ್ನುಮೂಳೆ ಸವೆದಿದೆ ಎಂದು ಗೊತ್ತಾದವರು ಬಗ್ಗಿ ಪಾದ ಮುಟ್ಟುವುದನ್ನು, ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನವನ್ನು ಬಿಡಬೇಕು. ತುಂಬಿದ ಬಿಂದಿಗೆಯನ್ನು ಸೊಂಟ ಬಗ್ಗಿಸಿ ಎತ್ತುವುದೂ ಬೇಡ. ಹಾಗೆ ಬಗ್ಗಿದಾಗ ಸವೆದ ಮಣಿಮೂಳೆಯ ಮುಂಭಾಗ ಕುಸಿಯಬಹುದು. ಏನನ್ನಾದರೂ ಎತ್ತುವಾಗಲೋ ಕೆಮ್ಮುವಾಗಲೋ ಬೆನ್ನಲ್ಲಿ ಥಟ್ಟನೆ ನೋವು ಹಿಡಿದರೆ, ಅಥವಾ ಎತ್ತರ ಕಡಿಮೆಯಾಗಿ ಬೆನ್ನು ಗೂನಾಗುತ್ತಿದ್ದರೆ, ವಯಸ್ಸಾಯಿತು ಎಂದು ಎಣ್ಣೆ ತಿಕ್ಕಿಸಿಕೊಳ್ಳದೆ ಎಕ್ಸ್‌ರೇ ತೆಗೆಸಿ, ವ್ಯಾಯಾಮಗಳನ್ನು ಅಲ್ಲಿಯವರೆಗೆ ನಿಲ್ಲಿಸಿ.