ಬುಲೆಟ್ ಕ್ರ್ಯಾಂಕ್ ಹುಡುಕುವ ಮುನ್ನ ಹಳೆಯದನ್ನು ಅಳೆದಿಡಿ

ಹಳೆಯ ಬುಲೆಟ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಮೆಕ್ಯಾನಿಕ್ ಈ ಮಾತು ಹೇಳಿಯೇ ಹೇಳುತ್ತಾರೆ: "ಸಾರ್, ಬಿಗ್ ಎಂಡ್ ಹೋಗಿದೆ. ಕ್ರ್ಯಾಂಕ್ ಒಂದು ನೋಡಿಬಿಡಿ." ಕ್ರ್ಯಾಂಕ್ ಅಂದರೆ ಪಿಸ್ಟನ್‌ನ ಓಟವನ್ನು ಸುತ್ತಾಟವಾಗಿ ಬದಲಿಸುವ ಭಾಗ: ಎರಡು ಭಾರದ ಚಕ್ರ (ಫ್ಲೈವ್ಹೀಲ್), ಅವುಗಳ ನಡುವಿನ ಪಿನ್‌ಗೆ ಸಿಕ್ಕಿಸಿದ, ಪಿಸ್ಟನ್ ಹಿಡಿಯುವ ರಾಡ್, ಎರಡೂ ಬದಿಗೆ ಒಂದೊಂದು ಷಾಫ್ಟ್. ರಾಡ್ ಪಿನ್‌ಗೆ ಸೇರುವ ಕೆಳತುದಿಯೇ ಬಿಗ್ ಎಂಡ್. ನಾವು ಬೆಂಗಳೂರಿನ ಜೆ.ಸಿ. ರಸ್ತೆಗೋ ಶಿವಾಜಿನಗರದ ಗುಜರಿಗೋ ಹೋಗಿ "350 ಬುಲೆಟ್ ಕ್ರ್ಯಾಂಕ್ ಇದೆಯಾ?" ಎಂದು ಕೇಳುತ್ತೇವೆ. ಇದೆ ಅನ್ನುತ್ತಾರೆ. ಎಣ್ಣೆ ಮೆತ್ತಿದ ದುಂಡನೆಯ ಕಬ್ಬಿಣದ ಗಡ್ಡೆಯೊಂದನ್ನು ತಂದು ಕೌಂಟರ್ ಮೇಲೆ ಇಡುತ್ತಾರೆ. ನೋಡಲು ನಮ್ಮದರ ಹಾಗೇ ಇರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ.

ಹಳೆಯ 350 ಬುಲೆಟ್‌ನ ಬೋರ್ (ಸಿಲಿಂಡರಿನ ಒಳವ್ಯಾಸ) 70 ಮಿ.ಮೀ., ಸ್ಟ್ರೋಕ್ 90. 500ರ ಬೋರ್ 84, ಸ್ಟ್ರೋಕ್ ಅದೇ 90. 1990ರ ದಶಕದ ಲೈಟ್ನಿಂಗ್ 535ರ ಬೋರ್ 87, ಸ್ಟ್ರೋಕ್ ಮತ್ತೆ 90. ಆಮೇಲೆ ಬಂದ ಎವಿಎಲ್, ಯುಸಿಇ ಎಂಬ ಎಂಜಿನ್‌ಗಳಲ್ಲೂ 350ಕ್ಕೆ 70×90 ಲೆಕ್ಕವೇ ಉಳಿಯಿತು. ಸ್ಟ್ರೋಕ್ ಅಂದರೆ ಪಿಸ್ಟನ್ ಮೇಲಿನಿಂದ ಕೆಳಕ್ಕೆ ಓಡುವ ದೂರ. ಅದನ್ನು ತೀರ್ಮಾನಿಸುವುದೇ ಕ್ರ್ಯಾಂಕ್. ಬೇರೆ ಬೈಕ್‌ಗಳಲ್ಲಿ ಸ್ಟ್ರೋಕ್ ಅಳೆದರೆ ಕ್ರ್ಯಾಂಕ್ ಯಾವುದೆಂದು ಅರ್ಧ ಗೊತ್ತಾಗಿಬಿಡುತ್ತದೆ. ಈ ಬುಲೆಟ್‌ಗಳಲ್ಲಿ ಆ ಅಳತೆಯಿಂದ ಏನೂ ತಿಳಿಯುವುದಿಲ್ಲ.

ನನಗಿದು ಬುದ್ಧಿ ಬಂದದ್ದು ದುಡ್ಡು ಕಳೆದುಕೊಂಡ ಮೇಲೆ. ಒಂದು ಗುಜರಿಯಲ್ಲಿ "350ರದ್ದೇ" ಎಂದು ಕೊಟ್ಟ ಕ್ರ್ಯಾಂಕ್ ತಂದೆ. ಹೊಸ ರಾಡ್ ಹಾಕಿಸಿದ್ದೂ ಆಯಿತು. ಎಂಜಿನ್ ಕೇಸಿನೊಳಗೆ ಸಲೀಸಾಗಿ ಕೂತಿತು, ಎರಡನೇ ಕಿಕ್‌ಗೆ ಗಾಡಿ ಸ್ಟಾರ್ಟ್ ಕೂಡ ಆಯಿತು. ಆದರೆ ಸ್ವಲ್ಪ ವೇಗ ಹಿಡಿದರೆ ಸಾಕು, ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣುತ್ತಿತ್ತು. ಮನೆಗೆ ಬಂದು ಕೀಲಿ ತೆಗೆಯೋಣವೆಂದರೆ ಬೆರಳು ಜೋಮು. ಎಂಜಿನ್ ಮತ್ತೆ ಇಳಿಸಿ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಮಲಗಿಸಿದಾಗ, ನಮ್ಮ ಹಿರಿಯ ಮೆಕ್ಯಾನಿಕ್ ಫ್ಲೈವ್ಹೀಲ್ ಮೇಲಿನ ತೂತುಗಳನ್ನು ಬೆರಳಿಟ್ಟು ತೋರಿಸಿದರು. ಎರಡರಲ್ಲೂ ತೂತಿನ ಲೆಕ್ಕವೇ ಬೇರೆ. ನಾನು ತಂದದ್ದು 500ರ ಫ್ಲೈವ್ಹೀಲ್.

ಹಾಗಾಗಿ ಈಗ ನಾನು ಮಾಡುವ ಕ್ರಮ ಹೀಗಿದೆ.

ಮೊದಲು ಎಂಜಿನ್ ಯಾವುದು ಎಂದು ನೋಡಿ

1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದಾಗ ಇಂಗ್ಲೆಂಡಿನ ರೆಡಿಚ್‌ನಿಂದ ಬಂದದ್ದು ಕಬ್ಬಿಣದ ಬ್ಲಾಕ್‌ನ ಎಂಜಿನ್. ಸಣ್ಣಪುಟ್ಟ ಬದಲಾವಣೆ ಕಾಣುತ್ತಾ ಅದೇ ವಿನ್ಯಾಸ ಅರ್ಧ ಶತಮಾನ ಓಡಿತು. ನಂತರ ಅಲ್ಯೂಮಿನಿಯಂ ಬ್ಲಾಕ್‌ನ ಎವಿಎಲ್ ಬಂತು. 2008-09ರ ಹೊತ್ತಿಗೆ ಯುಸಿಇ.

ಬಣ್ಣ ಬಳಿದ ಎಂಜಿನ್ ನೋಡಿ ಯಾವುದು ಕಬ್ಬಿಣ, ಯಾವುದು ಅಲ್ಯೂಮಿನಿಯಂ ಎಂದು ಹೇಳುವುದು ಕಷ್ಟ. ಸುಮ್ನೆ ಒಂದು ಮ್ಯಾಗ್ನೆಟ್ ತಗೊಂಡು ಬ್ಲಾಕ್‌ನ ರೆಕ್ಕೆಗೆ ತಾಗಿಸಿ. ಫ್ರಿಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಆದರೂ ನಡೆಯುತ್ತದೆ. ಗಪ್ಪೆಂದು ಹಿಡಿದರೆ ಕಬ್ಬಿಣ, ಜಾರಿದರೆ ಅಲ್ಯೂಮಿನಿಯಂ. ಯುಸಿಇಗೆ ಅದೂ ಬೇಡ. ಅದರಲ್ಲಿ ಗೇರ್‌ಬಾಕ್ಸ್ ಎಂಜಿನ್ ಜೊತೆ ಒಂದೇ ಮೈಯಲ್ಲಿದೆ. ಹಳೆಯದರಲ್ಲಿ ಗೇರ್‌ಬಾಕ್ಸ್ ಬೇರೆ ಡಬ್ಬಿ, ಎಂಜಿನ್ ಬೆನ್ನಿಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ.

ಎಂಜಿನ್ ನಂಬರ್ ಆರ್‌ಸಿ ಜೊತೆ ತಾಳೆಯಾಗುತ್ತದೆಯೇ ನೋಡಿಕೊಳ್ಳಿ. ಆದರೆ ನಂಬರ್ ಇರುವುದು ಕೇಸ್ ಮೇಲೆ, ಕ್ರ್ಯಾಂಕ್ ಮೇಲಲ್ಲ. ನಲವತ್ತು ವರ್ಷದ ಗಾಡಿಯಲ್ಲಿ ಒಳಗಿನ ಕ್ರ್ಯಾಂಕ್ ಎಷ್ಟು ಸಲ ಬದಲಾಗಿದೆಯೋ ಯಾರಿಗೆ ಗೊತ್ತು? ಇಲ್ಲಿಂದ ಮುಂದಿನದ್ದೆಲ್ಲ ಕಬ್ಬಿಣದ ಬ್ಲಾಕ್‌ನ ಎಂಜಿನ್ ಬಗ್ಗೆ.

ಬಿಚ್ಚುವಾಗ ಒಂದು ಎಚ್ಚರಿಕೆ

ಬಲಗಡೆ ಟೈಮಿಂಗ್ ಕವರ್ ತೆಗೆದರೆ ಕ್ರ್ಯಾಂಕ್ ಷಾಫ್ಟ್‌ನ ತುದಿಯಲ್ಲಿ ತಿರುಪಿನಂಥ ಒಂದು ವರ್ಮ್ ಕಾಣುತ್ತದೆ. ಆಯಿಲ್ ಪಂಪ್ ತಿರುಗಿಸುವುದು ಅದೇ. ಅದರ ಥ್ರೆಡ್ ಎಡಗೈಯದು, ಅಂದರೆ ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು. ನಾನು ಮೊದಲ ಸಲ ಸ್ಪ್ಯಾನರ್‌ಗೆ ಉದ್ದ ಪೈಪ್ ತೊಡಿಸಿ ಉಲ್ಟಾ ಎಳೆದು ಷಾಫ್ಟ್ ತುದಿಯ ಥ್ರೆಡ್ಡನ್ನೇ ಹಾಳು ಮಾಡಿದ್ದೆ. ಗುಜರಿಯಲ್ಲಿ ಸಿಗುವ ಕ್ರ್ಯಾಂಕ್‌ಗಳಲ್ಲೂ ಇದೇ ಗಾಯ ಇರುತ್ತದೆ, ಯಾಕೆಂದರೆ ನನ್ನಂಥವರು ಬೇರೆಯವರೂ ಇದ್ದಾರೆ. ಕೊಳ್ಳುವಾಗ ಮೊದಲು ಅಲ್ಲಿ ಕಣ್ಣು ಹಾಕಿ.

ಆಯಿಲ್ ಒಳಗೆ ಹೋಗುವುದೂ ಅದೇ ತುದಿಯಿಂದ. ಷಾಫ್ಟ್ ಒಳಗಿನ ಸಣ್ಣ ದಾರಿ ಹಿಡಿದು ಫ್ಲೈವ್ಹೀಲ್ ದಾಟಿ ಬಿಗ್ ಎಂಡ್ ತಲುಪುತ್ತದೆ. ಹಳೆಯದರಲ್ಲಿ ಈ ದಾರಿಗೆ ಕಪ್ಪು ಗಸಿ ಕಟ್ಟಿಕೊಂಡಿರುತ್ತದೆ. ಸೀಮೆಎಣ್ಣೆ ಬಿಟ್ಟು ಕಂಪ್ರೆಸರ್ ಗಾಳಿ ಊದಿ. ಗಾಳಿ ರಾಡ್‌ನ ಬುಡದಲ್ಲಿ ಬರಬೇಕು. ಬರದಿದ್ದರೆ ಆ ಕ್ರ್ಯಾಂಕ್ ಎಷ್ಟೇ ಹೊಳೆಯುತ್ತಿರಲಿ, ಗಸಿ ಬಿಡಿಸುವವರೆಗೆ ಎಂಜಿನ್‌ಗೆ ಹಾಕುವ ಹಾಗಿಲ್ಲ.

ಬಿಗ್ ಎಂಡ್: ಬುಷ್ಶೋ, ರೋಲರೋ?

ನಿಜವಾದ ವ್ಯತ್ಯಾಸ ಇರುವ ಜಾಗ ಇದು. ಹಳೆಯ ಬುಲೆಟ್‌ಗಳಲ್ಲಿ ರಾಡ್‌ನ ಕೆಳಗಿನ ಕಣ್ಣಿಗೂ ಕ್ರ್ಯಾಂಕ್ ಪಿನ್‌ಗೂ ನಡುವೆ ಒಂದು ಫ್ಲೋಟಿಂಗ್ ಬುಷ್ ಇರುತ್ತದೆ. ಅದು ಪಿನ್‌ಗೂ ಅಂಟಿಕೊಂಡಿರುವುದಿಲ್ಲ, ರಾಡ್‌ಗೂ ಅಂಟಿಕೊಂಡಿರುವುದಿಲ್ಲ. ಒಳಗೊಂದು, ಹೊರಗೊಂದು ಆಯಿಲ್ ಪದರದ ಮೇಲೆ ತನ್ನ ಪಾಡಿಗೆ ಸುತ್ತುತ್ತಿರುತ್ತದೆ. ಆಯಿಲ್ ಸರಿಯಾಗಿ ಬರುವವರೆಗೆ ಬಹಳ ಮೆತ್ತಗೆ ಓಡುವ ಏರ್ಪಾಡು. ಆಯಿಲ್ ನಿಂತರೆ ಮಾತ್ರ ಕ್ಷಮಿಸುವುದಿಲ್ಲ. ಮುಂದೆ ರೋಲರ್ ಬೇರಿಂಗ್‌ನ ಬಿಗ್ ಎಂಡ್ ಬಂತು. ಆಯಿಲ್ ಸ್ವಲ್ಪ ಕಡಿಮೆಯಾದರೂ ಅದು ಹೆಚ್ಚು ತಡೆದುಕೊಳ್ಳುತ್ತದೆ.

ಪತ್ತೆ ಮಾಡುವುದು ಸುಲಭ. ರಾಡನ್ನು ಒಂದು ಪಕ್ಕಕ್ಕೆ ತಳ್ಳಿ, ಫ್ಲೈವ್ಹೀಲ್‌ಗೂ ರಾಡ್‌ಗೂ ನಡುವಿನ ಸಂದಿಗೆ ಟಾರ್ಚ್ ಬಿಡಿ. ಒಂದೇ ನುಣುಪಾದ ಬಳೆ ಕಂಡರೆ ಬುಷ್. ಕೇಜ್ ಮತ್ತು ರೋಲರ್‌ಗಳ ತುದಿ ಸಾಲಾಗಿ ಕಂಡರೆ ರೋಲರ್.

ಇನ್ನೊಂದು ವಿಷಯ. ರಾಡ್ ಅಕ್ಕಪಕ್ಕ ಸ್ವಲ್ಪ ಆಡಿದರೆ ಗಾಬರಿ ಬೇಡ, ಅದು ಇರಲೇಬೇಕಾದ ಆಟ. ಮೇಲೆ ಕೆಳಗೆ ಎಳೆದಾಗ ಟಕ್ ಎಂದರೆ ಮಾತ್ರ ಬಿಗ್ ಎಂಡ್ ಹೋಗಿದೆ ಎಂದರ್ಥ. ಆಯಿಲ್ ತೊಳೆಯದೆ ನೋಡಬೇಡಿ. ದಪ್ಪ ಆಯಿಲ್ ಆ ಟಕ್ ಸದ್ದನ್ನು ನುಂಗಿಬಿಡುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಒಂದು ಪುಟದಲ್ಲಿ ಅಳತೆ

ನೋಟ್‌ಬುಕ್‌ನ ಒಂದು ಪುಟದಲ್ಲಿ ಕ್ರ್ಯಾಂಕ್‌ನ ಚಿತ್ರ ಬರೆದುಕೊಳ್ಳಿ. ಚಿತ್ರ ಸೊಟ್ಟಗಿದ್ದರೂ ಪರವಾಗಿಲ್ಲ. ಬೇರಿಂಗ್ ಕೂರುವ ಜಾಗಗಳ ದಪ್ಪವನ್ನು ಮೈಕ್ರೋಮೀಟರ್‌ನಲ್ಲಿ ತೆಗೆಯಿರಿ, ಇದಕ್ಕೆ ವರ್ನಿಯರ್ ಸಾಲದು. ಉಳಿದದ್ದಕ್ಕೆ ವರ್ನಿಯರ್ ಸಾಕು: ಎರಡೂ ಫ್ಲೈವ್ಹೀಲ್ ಸೇರಿದ ಅಗಲ, ವ್ಯಾಸ, ತುದಿಯಿಂದ ತುದಿಗೆ ಉದ್ದ, ರಾಡ್‌ನ ಮೇಲಿನ ಕಣ್ಣಿನ ಅಳತೆ. ಎಡಗಡೆ ಷಾಫ್ಟ್‌ನಲ್ಲಿ ಪ್ರೈಮರಿ ಚೈನ್ ಸ್ಪ್ರಾಕೆಟ್ ಕೂರುವ ಸ್ಪ್ಲೈನ್ (ಷಾಫ್ಟ್ ಮೇಲಿನ ಉದ್ದುದ್ದ ಹಲ್ಲುಗಳು) ಎಷ್ಟು, ಅದರಾಚೆ ಆಲ್ಟರ್ನೇಟರ್ ರೋಟರ್‌ಗೆ ಎಷ್ಟು ಉದ್ದ ಬಿಟ್ಟಿದ್ದಾರೆ, ರೋಟರ್ ಜಾರದಂತೆ ತಡೆಯುವ ಕೀ ಕೂರುವ ತೋಡು ಎಲ್ಲಿದೆ ಎಂದೂ ಬರೆದುಕೊಳ್ಳಿ. ತಿರುಪಿನ ಸುತ್ತುಗಳ ಅಂತರ ಅಳೆಯುವ ಥ್ರೆಡ್ ಗೇಜ್ ತಾಗಿಸಿ ನೋಡಿ. ಹಳೆಯ ಬುಲೆಟ್ ಇಂಚಿನ ಲೆಕ್ಕದ ಗಾಡಿ. ಮಿಲಿಮೀಟರ್ ನಟ್ ಮೊದಲೆರಡು ಸುತ್ತು ಹೋಗಿ ಆಮೇಲೆ ಬಿಗಿಯಾದರೆ ಬಲ ಹಾಕಬೇಡಿ.

ತೂಕದ ಪರೀಕ್ಷೆ

ಅಳತೆಯೆಲ್ಲ ಹೊಂದಿದ ಮೇಲೂ 350ರದ್ದೋ 500ರದ್ದೋ ಎಂಬ ಅನುಮಾನ ಉಳಿಯುತ್ತದಲ್ವಾ, ಅದಕ್ಕೆ ಈ ಉಪಾಯ. 500ರ ಪಿಸ್ಟನ್ ದಪ್ಪ, ತೂಕ ಜಾಸ್ತಿ. ಆ ತೂಕಕ್ಕೆ ಎದುರಾಗಿ ಫ್ಲೈವ್ಹೀಲ್‌ನಲ್ಲಿ ತೂಕ ಹೊಂದಿಸಿರುತ್ತಾರೆ. ಕೆಲವು ಕಡೆ ತೂತು ಕೊರೆಯುವುದು ಇದಕ್ಕೇ.

ಹಳೆಯ ಕ್ರ್ಯಾಂಕ್‌ನ ಎರಡೂ ಬದಿಗೆ ತೊಳೆದ ಬೇರಿಂಗ್ ತೊಡಿಸಿ, ಲೇತ್ ಅಂಗಡಿಯ ವಿ-ಬ್ಲಾಕ್ (ವಿ ಆಕಾರದ ತೋಡಿರುವ ಕಬ್ಬಿಣದ ದಿಮ್ಮಿ) ಮೇಲೆ ಕೂರಿಸಿ. ಬಿಟ್ಟರೆ ಅದು ತಾನೇ ಉರುಳಿ ಭಾರದ ಬದಿ ಕೆಳಗಾಗಿ ನಿಲ್ಲುತ್ತದೆ. ಈಗ ರಾಡ್‌ನ ಮೇಲಿನ ಕಣ್ಣಿಗೆ ತಂತಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ, ನಟ್ಟು ವಾಷರ್‌ಗಳನ್ನು ಒಂದೊಂದಾಗಿ ಹಾಕುತ್ತಾ ಹೋಗಿ. ಒಂದು ಹಂತದಲ್ಲಿ ಕ್ರ್ಯಾಂಕನ್ನು ಯಾವ ಕಡೆ ತಿರುಗಿಸಿ ಬಿಟ್ಟರೂ ಬಿಟ್ಟಲ್ಲೇ ನಿಲ್ಲುತ್ತದೆ. ಆ ಚೀಲವನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಗ್ರಾಮ್ ಲೆಕ್ಕ ಬರೆದಿಡಿ. (ತಕ್ಕಡಿ ಒರೆಸಿ ವಾಪಸ್ ಇಡಿ. ನಾನು ಮರೆತು ಬೈಸಿಕೊಂಡಿದ್ದೇನೆ.)

ಹೊಸದಾಗಿ ಸಿಕ್ಕ ಕ್ರ್ಯಾಂಕ್‌ಗೂ ಅದೇ ಚೀಲ ಕಟ್ಟಿ. ಹೆಚ್ಚು ಕಡಿಮೆ ನಿಂತಲ್ಲೇ ನಿಂತರೆ ಎರಡೂ ಒಂದೇ ಜಾತಿ. ಚೀಲವನ್ನೇ ಎತ್ತಿಕೊಂಡು ಉರುಳಿದರೆ ಅದು ದಪ್ಪ ಪಿಸ್ಟನ್‌ಗೆ ಮಾಡಿದ್ದು. ನಿಮ್ಮ ಎಂಜಿನ್‌ನಲ್ಲಿ ಆಗಲೇ ಯಾರೋ ತಪ್ಪು ಕ್ರ್ಯಾಂಕ್ ಹಾಕಿದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ. ಗಾಡಿ ಮೊದಲಿಂದಲೂ ವಿಪರೀತ ನಡುಗುತ್ತಿತ್ತು ಅನ್ನಿಸಿದರೆ, ಚೆನ್ನಾಗಿ ಓಡಿದ ಇನ್ನೊಂದು 350ರ ಕ್ರ್ಯಾಂಕ್ ಎರವಲು ತಂದು ಹೋಲಿಸಿ.

ಕೊಳ್ಳುವಾಗ

ನಿಜ ಹೇಳಬೇಕೆಂದರೆ ಎಷ್ಟೋ ಸಲ ಇಡೀ ಕ್ರ್ಯಾಂಕ್ ಬೇಕಾಗಿರುವುದೇ ಇಲ್ಲ. ಫ್ಲೈವ್ಹೀಲ್, ಷಾಫ್ಟ್ ಚೆನ್ನಾಗಿದ್ದರೆ ಪಿನ್, ಬುಷ್, ರಾಡ್ ಇರುವ ಕಿಟ್ ತಂದು ಒಳ್ಳೆಯ ಲೇತ್ ಅಂಗಡಿಯಲ್ಲಿ ಕೂರಿಸಿದರೆ ಸಾಕು. ಆಗ ಈ ಜಾತಿ ಹುಡುಕುವ ತಲೆನೋವೇ ಇಲ್ಲ. ಜೋಡಿಸಿದ ಮೇಲೆ ಡಯಲ್ ಗೇಜ್ ಹಿಡಿದು ಎರಡೂ ಷಾಫ್ಟ್ ನೇರ ತಿರುಗುತ್ತವೆಯೇ ಎಂದು ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ. ಮುಳ್ಳು 0.05 ಮಿ.ಮೀ.ಗಿಂತ ಜಾಸ್ತಿ ಆಡಿದರೆ ತಾಮ್ರದ ಸುತ್ತಿಗೆಯಲ್ಲಿ ತಟ್ಟಿ ಮತ್ತೆ ಹೊಂದಿಸುತ್ತಾರೆ. ಬೇಸರಪಟ್ಟುಕೊಂಡರೂ ಸರಿ, ತಟ್ಟಿಸಿ.

ಇಡೀ ಕ್ರ್ಯಾಂಕೇ ಬೇಕೆಂದಾದರೆ ಹಳೆಯದನ್ನು ಗೋಣಿಚೀಲದಲ್ಲಿ ಸುತ್ತಿ ಅಂಗಡಿಗೇ ಹೊತ್ತೊಯ್ಯಿರಿ. ಭಾರ ಹೌದು, ಆದರೆ ಎರಡನ್ನೂ ಒಂದೇ ಕೌಂಟರ್ ಮೇಲೆ ಮಲಗಿಸಿದಾಗ ಅಂಗಡಿಯವರ ಮಾತಿನ ಧಾಟಿಯೇ ಬದಲಾಗುತ್ತದೆ. "ಹಳೆಯದು ಬಿಟ್ಟು ಹೋಗಿ, ಇನ್ನೂರು ಕಡಿಮೆ ಮಾಡಿಕೊಡ್ತೀನಿ" ಅಂತಲೂ ಹೇಳುತ್ತಾರೆ. ಬಿಟ್ಟು ಬರಬೇಡಿ. ಹೊಸದು ಎಂಜಿನ್ ಒಳಗೆ ಕೂತು ಐನೂರು ಕಿಲೋಮೀಟರ್ ಓಡುವವರೆಗೆ ಅದು ನಿಮ್ಮ ಮಂಚದ ಕೆಳಗೇ ಇರಲಿ.