ಬಚ್ಚಲಿನ ವಾಟ, ಟೈಲ್ಸಿನ ಸಂದು

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ನಾವು ಅದರ ನೆಲ ಒಡೆದು ಹೊಸದಾಗಿ ಟೈಲ್ಸ್ ಹಾಕಿಸುವ ಕೆಲಸಕ್ಕೆ ಕೈಹಾಕಿದೆವು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಮೊಣಕೈ ಊದಿಕೊಂಡಿತ್ತು. ತುಮಕೂರಿನ ನಮ್ಮ ಮನೆಯಲ್ಲಿ ಸ್ನಾನ ಮುಗಿದು ಗಂಟೆಯಾದರೂ ಬಚ್ಚಲ ಬಾಗಿಲ ಮೂಲೆಯಲ್ಲಿ ನೀರು ನಿಂತೇ ಇರುತ್ತಿತ್ತು. 6 ವರ್ಷದ ಹಿಂದೆ ಟೈಲ್ಸ್ ಹಾಕಿಸಿದಾಗಿನಿಂದಲೂ ಹಾಗೇ. ಆಗ ಎಲ್ಲರಿಗಿಂತ ಕಡಿಮೆ ರೇಟು ಹೇಳಿದವರಿಗೆ ಕೆಲಸ ಒಪ್ಪಿಸಿ, ನಾವು ಅಂಗಡಿಯಲ್ಲಿ ಬಣ್ಣ ಆರಿಸುವುದರಲ್ಲಿ ಮುಳುಗಿದ್ದೆವು. ಟೈಲ್ಸಿನ ಕೆಳಗೆ ಏನು ಹಾಕುತ್ತಿದ್ದಾರೆ ಎಂದು ಒಬ್ಬರೂ ಬಗ್ಗಿ ನೋಡಲಿಲ್ಲ. ಒಂದು ರೂಪಾಯಿ ನಾಣ್ಯದಿಂದ ಈಗ ತಟ್ಟಿ ನೋಡಿದರೆ ಅರ್ಧಕ್ಕರ್ಧ ಟೈಲ್ಸ್ ಡಬ್ ಡಬ್ ಎನ್ನುತ್ತಿದ್ದವು. ಪಕ್ಕದ ಕೋಣೆಯ ಗೋಡೆಯಲ್ಲಿ ಉಪ್ಪು ಎದ್ದು ಬಣ್ಣ ಉದುರುತ್ತಿತ್ತು.

ಈ ಸಲ ಮೂವರನ್ನು ಮನೆಗೆ ಕರೆದೆ. ಮೊದಲನೆಯವರು ಬಾಗಿಲಲ್ಲೇ ನಿಂತು ರೇಟು ಹೇಳಿಬಿಟ್ಟರು. ಎರಡನೆಯವರು ಹಳೇ ಟೈಲ್ಸ್ ಮೇಲೇ ಹೊಸದನ್ನು ಅಂಟಿಸಿದರೆ ಒಡೆಯುವ ಖರ್ಚು ಉಳಿಯುತ್ತದೆ ಎಂದರು. ಗಟ್ಟಿಯಾಗಿ ಕೂತ ನೆಲವಾದರೆ ಅದೂ ಸರಿಯೇ. ಕೆಳಗೆ ಟೊಳ್ಳಿರುವಾಗ ಆಗದ ಮಾತು. ಮೂರನೆಯ ಮೇಸ್ತ್ರಿ ಒಂದು ಬಕೆಟ್ ನೀರು ಕೇಳಿದರು. ಸುರಿದು, ನೀರು ಎತ್ತ ಹರಿಯುತ್ತದೆ ಎಂದು ಕುಕ್ಕರಗಾಲಲ್ಲಿ ಕೂತು ನೋಡಿದರು. "ಅಕ್ಕಾ, ವಾಟ ಬಾಗಿಲ ಕಡೆಗಿದೆ. ಮೇಲೆ ಏನು ಮಾಡಿದರೂ ನೀರು ಅಲ್ಲೇ ನಿಲ್ಲೋದು" ಎಂದರು. ನನಗೆ ಬೇಕಾಗಿದ್ದ ಮಾತು ಅದೇ.

ಹಾಗಂತ ಆ ಮಾತಿಗೇ ಒಪ್ಪಿಬಿಡಲಿಲ್ಲ. ಅವರು 4 ವರ್ಷದ ಹಿಂದೆ ಮಾಡಿದ ಮನೆಯೊಂದನ್ನು ತೋರಿಸಿ ಎಂದೆ. ಹೊಸ ಕೆಲಸ ಎಲ್ಲರದ್ದೂ ಚೆನ್ನಾಗೇ ಕಾಣುತ್ತದೆ, ಹಳೆಯದು ಸುಳ್ಳು ಹೇಳುವುದಿಲ್ಲ. ಅಲ್ಲಿ ನಾನು ನೋಡಿದ್ದು ನೀರು ಹೋಗುವ ಜಾಲರಿಯ ಸುತ್ತ ಟೈಲ್ಸ್ ತುಂಡುಗಳನ್ನು ಹೇಗೆ ಕತ್ತರಿಸಿ ಕೂರಿಸಿದ್ದಾರೆ, ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿ ಸಂದು ತುಂಬಿದೆಯೇ, ನಲ್ಲಿಯ ಹಿಂದೆ ಟೈಲ್ಸ್ ಚಕ್ಕೆ ಎದ್ದಿದೆಯೇ ಎಂದು. ಆ ಮನೆಯಾಕೆಯನ್ನು ಪಕ್ಕಕ್ಕೆ ಕರೆದು, ಆಮೇಲೆ ಏನಾದರೂ ತೊಂದರೆಯಾದಾಗ ಕರೆದರೆ ಬಂದರೇ ಎಂದು ಕೇಳಿದೆ. ಎರಡು ಸಲ ಬಂದಿದ್ದರಂತೆ.

ಮಾತು ಕೊಟ್ಟಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಒಡೆಯುವುದು ಮತ್ತು ಕಸ ಸಾಗಿಸುವುದು ಯಾರ ಲೆಕ್ಕ, ಗೋಡೆಯ ಬುಡದ ಪಟ್ಟಿ (ಸ್ಕರ್ಟಿಂಗ್) ಚದರಡಿಯಲ್ಲೋ ಉದ್ದದ ಅಡಿಯಲ್ಲೋ, ವಾಟರ್‌ಪ್ರೂಫಿಂಗ್ ಸೇರಿದೆಯೋ ಇಲ್ಲವೋ: ಜಗಳ ಹುಟ್ಟುವುದೇ ಇಂಥ ಕಡೆ. ಹಣ ನಾಲ್ಕು ಕಂತು. ಮುಂಗಡ ಶೇ. 20, ನೀರು ನಿಲ್ಲಿಸಿ ಪರೀಕ್ಷಿಸಿದ ಮೇಲೆ ಶೇ. 30, ಟೈಲ್ಸ್ ಕೂತ ಮೇಲೆ ಶೇ. 40, ಉಳಿದ ಶೇ. 10 ಬಚ್ಚಲನ್ನು ಒಂದು ವಾರ ಬಳಸಿದ ಮೇಲೆ. ಮೇಸ್ತ್ರಿ ಕೊನೆಯ ಕಂತಿಗೆ ಸ್ವಲ್ಪ ಮುಖ ಸಣ್ಣ ಮಾಡಿದರೂ ಒಪ್ಪಿದರು.

ಸಾಮಾನು ನಾನೇ ತಂದೆ. ನೆಲಕ್ಕೆ 1 ಅಡಿ ಚೌಕದ, ಕಾಲಿಗೆ ತರಿ ಸಿಗುವ ಮ್ಯಾಟ್ ಟೈಲ್ಸ್. ಪ್ರತಿ ಪೆಟ್ಟಿಗೆಯ ಮೇಲೂ ಬ್ಯಾಚ್ ಮತ್ತು ಶೇಡ್ ನಂಬರ್ ಇರುತ್ತದೆ, ಎಲ್ಲ ಪೆಟ್ಟಿಗೆಗಳಲ್ಲೂ ಒಂದೇ ಇರಬೇಕು. ಲೆಕ್ಕಕ್ಕಿಂತ ಶೇ. 10 ಹೆಚ್ಚಿಗೆ ತಂದೆ. ಇದನ್ನು ಕಲಿತದ್ದು ಹಾಲ್‌ನಿಂದ. ಅಲ್ಲಿ ಸಂದೇ ಬಿಡದೆ ಒಂದಕ್ಕೊಂದು ಒತ್ತಿ ಹಾಕಿದ್ದ 2 ಅಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಏಪ್ರಿಲ್‌ನ ಒಂದು ಮಧ್ಯಾಹ್ನ ಟಪ್ ಎಂದು ಎದ್ದು ಗುಡಾರದ ಹಾಗೆ ನಿಂತಿದ್ದವು. ಬಿಸಿಲಿಗೆ ಹಿಗ್ಗಿದ ನೆಲಕ್ಕೆ ಸರಿದುಕೊಳ್ಳಲು ಜಾಗವಿರಲಿಲ್ಲ. ಅದೇ ಶೇಡ್ ಎಲ್ಲೂ ಸಿಗದೆ, ಕಡೆಗೆ ದಿವಾನದ ಕೆಳಗೆ ಟೊಳ್ಳಾಗಿದ್ದ ಎರಡನ್ನು ಮೇಸ್ತ್ರಿ ಇಡಿಯಾಗಿ ಎಬ್ಬಿಸಿ ಅಲ್ಲಿಗೆ ಹಾಕಿದರು. ಹೊಸ ಶೇಡ್ ಈಗ ದಿವಾನದ ಕೆಳಗಿದೆ.

ಒಡೆದು ಮುಗಿಯಲು ಎರಡು ದಿನ. ಆಮೇಲೆ ಗಾರೆಯಲ್ಲಿ ವಾಟ: ಅಡಿಗೆ ಕಾಲು ಇಂಚಿನಂತೆ, ಬಾಗಿಲಿಂದ ಜಾಲರಿಯವರೆಗಿನ 7 ಅಡಿಗೆ ಒಂದು ಮುಕ್ಕಾಲು ಇಂಚು ಇಳಿಜಾರು. ಅದರ ಮೇಲೆ ವಾಟರ್‌ಪ್ರೂಫ್ ಲೇಪ ಎರಡು ಕೋಟು, ಗೋಡೆಗೂ 1 ಅಡಿ ಎತ್ತರ, ಶವರ್ ಇರುವ ಕಡೆ 6 ಅಡಿ. ಒಣಗಿದ ಮೇಲೆ ಜಾಲರಿಯ ಬಾಯಿ ಮುಚ್ಚಿ, ಬಾಗಿಲಿಗೆ ಇಟ್ಟಿಗೆಯ ಒಡ್ಡು ಕಟ್ಟಿ, 2 ಇಂಚು ನೀರು ನಿಲ್ಲಿಸಿ 48 ಗಂಟೆ ಬಿಟ್ಟೆವು. "ಸುಮ್ನೆ ಎರಡು ದಿನ ಹೋಗುತ್ತೆ ಅಕ್ಕಾ" ಎಂದು ಹುಡುಗರು ಗೊಣಗಿದರು. ಹೋಗಲಿ ಎಂದೆ. ಪಕ್ಕದ ಗೋಡೆ ಒಣಗಿಯೇ ಇತ್ತು.

ಟೈಲ್ಸ್ ಅಂಟಿಸುವಾಗ ನಾನು ಅಲ್ಲಿಂದ ಕದಲಲಿಲ್ಲ. ಬೇಗ ಮುಗಿಸುವವರು ಹಿಂಬದಿಗೆ ಐದು ಕಡೆ ಉಂಡೆ ಇಟ್ಟು ಒತ್ತಿಬಿಡುತ್ತಾರೆ. ನಡುವೆ ಉಳಿದ ಟೊಳ್ಳಿನಲ್ಲಿ ನೀರು ಸೇರುತ್ತದೆ, ಭಾರ ಬಿದ್ದರೆ ಬಿರುಕು. ಹಲ್ಲಿನ ಕರಣೆಯಿಂದ ಅಂಟನ್ನು ನೆಲದ ತುಂಬ ಎಳೆಯಬೇಕು. ಶುರುವಿನಲ್ಲೇ ಒಂದು ಟೈಲ್ ಎತ್ತಿ ತೋರಿಸಿ ಎಂದೆ, ಹಿಂಬದಿಯ ಒಂದು ಮೂಲೆಗೆ ಅಂಟು ತಾಗಿರಲಿಲ್ಲ. ಮೇಸ್ತ್ರಿ ಬೇಜಾರು ಮಾಡಿಕೊಳ್ಳದೆ ಮತ್ತೆ ಎಳೆದರು. ಸಂದು ಒಂದೇ ಸಮ ಬರಲು ನಡುವೆ ಇಡುವ 3 ಮಿ.ಮೀ. ಸ್ಪೇಸರ್ ತುಂಡು, ಸಂದು ತುಂಬಿಸಲು ಎಪಾಕ್ಸಿ ಎಂಬ ರಾಳದ ಅಂಟು. ದುಬಾರಿಯಾದರೂ ಬಚ್ಚಲಿಗೆ ಅದೇ ಸರಿ, ನೀರು ಹೀರುವುದಿಲ್ಲ. ಆದರೆ ಸ್ವಲ್ಪ ಸ್ವಲ್ಪವೇ ಕಲಸಿ, ಮೇಲೆ ಅಂಟಿದ್ದನ್ನು ಆಗಿಂದಾಗಲೇ ಒರೆಸಬೇಕು. ಗಟ್ಟಿಯಾದ ಮೇಲೆ ಬಿಡಿಸುವುದು ಕಷ್ಟ.

ಕೊನೆಯ ದಿನ ಹುಡುಗನೊಬ್ಬ ಆ್ಯಸಿಡ್ ಬಾಟಲಿ ತಂದ, ತೊಳೆದರೆ ಪಳಪಳ ಹೊಳೆಯುತ್ತದೆ ಎಂದು. ಬೇಡವೇ ಬೇಡ ಎಂದೆ. ಹಳೇ ಬಚ್ಚಲಿನ ಸಂದು ಹಾಳಾಗಿದ್ದರಲ್ಲಿ ನನ್ನ ಪಾಲೂ ಇದೆ. ತಿಂಗಳಿಗೊಮ್ಮೆ ನಾನೇ ಆ್ಯಸಿಡ್ ಹಾಕಿ ಉಜ್ಜುತ್ತಿದ್ದೆ. ಅದು ಸಂದಿನ ಸಿಮೆಂಟನ್ನು ತಿನ್ನುತ್ತದೆ, ನಲ್ಲಿಯ ಹೊಳಪು ಕಪ್ಪಿಡುತ್ತದೆ. ಅದರ ಜೊತೆ ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಕುತ್ತು.

ನಮ್ಮದು ಬೋರ್‌ವೆಲ್‌ನ ಗಡಸು ನೀರು. ಬಿಳಿ ಕಲೆ ಕಟ್ಟುವುದು ನೀರು ಟೈಲ್ಸಿನ ಮೇಲೆ ಆರಿದಾಗ, ಹಾಗಾಗಿ ಸ್ನಾನ ಮಾಡಿದವರೇ ರಬ್ಬರ್ ವೈಪರ್‌ನಿಂದ ಗೋಡೆ, ನೆಲ ಎಳೆದು ಬರಬೇಕು. ಕಲೆ ಕಟ್ಟಿದ ಕಡೆ ನೀರು ಬೆರೆಸಿದ ವಿನೆಗರ್ ಹಚ್ಚಿ 10 ನಿಮಿಷ ಬಿಟ್ಟು ತೊಳೆಯುತ್ತೇನೆ. ಸಿಮೆಂಟ್ ಸಂದಿಗೂ ಮಾರ್ಬಲ್‌ಗೂ ಅದನ್ನು ತಾಗಿಸುವುದಿಲ್ಲ. ಉಳಿದದ್ದಕ್ಕೆಲ್ಲ ಪಾತ್ರೆ ತೊಳೆಯುವ ಸೋಪಿನ ನೀರು, ಮೆತ್ತನೆ ಬ್ರಷ್. ಹಾಲ್‌ನಲ್ಲಿ ಮಾತ್ರ ಒಂದು ನೇಮ ಇಟ್ಟುಕೊಂಡಿದ್ದೇನೆ: ಒರೆಸುವ ಮೊದಲು ಗುಡಿಸಲೇಬೇಕು. ರಂಗೋಲಿ ಪುಡಿ ಕಲ್ಲಿನ ಪುಡಿಯಲ್ಲವೇ, ಒದ್ದೆ ಬಟ್ಟೆಗೆ ಸಿಕ್ಕರೆ ಪಾಲಿಶ್ ಟೈಲ್ಸನ್ನು ಗೀರುತ್ತದೆ.

ವಾರ ಕಳೆದು ಮೇಸ್ತ್ರಿ ಬಂದಾಗ ಅತ್ತೆಯೇ ಬಕೆಟ್ ತುಂಬಿ ಕೊಟ್ಟರು. ಸುರಿದ ನೀರು ಬಾಗಿಲ ಮೂಲೆ ಬಿಟ್ಟು ನೇರ ಜಾಲರಿಗೆ ಹೋಯಿತು. ಉಳಿದ ಹಣ ಕೊಟ್ಟೆ. ಮಿಕ್ಕ ಟೈಲ್ಸ್ ಪೆಟ್ಟಿಗೆ ಅಟ್ಟದ ಮೇಲಿದೆ, ಬ್ಯಾಚ್ ನಂಬರ್ ಕಾಣುವ ಹಾಗೆ ಮುಂದಕ್ಕೆ ತಿರುಗಿಸಿ ಇಟ್ಟಿದ್ದೇನೆ.